ಹೆಬ್ಬೆರಳಿನ ಗುರುತು

ನಾನು ಒಂದು ಕಂಚಿನ ಗಂಗಾಳ. ಬೈಲಹೊಂಗಲದ ಕಂಚಗಾರನೊಬ್ಬನ ಕುಲುಮೆಯಲ್ಲಿ ಹುಟ್ಟಿದೆ. ಕಾಸಿ ಬಡಿದು, ಮತ್ತೆ ಕಾಸಿ ಬಡಿದು, ನನಗೆ ಅಗಲವಾದ ಅಂಚನ್ನು ಕೊಟ್ಟರು. ತಾಯಿಯೊಬ್ಬಳು ಮಗಳ ಮದುವೆಗೆಂದು ನನ್ನನ್ನು ಕೊಂಡು, ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಸೌ|| ಶಿವಗಂಗವ್ವ’ ಎಂದು ಕೊರೆಸಿದಳು. ಆ ಸೀಮೆಯಲ್ಲಿ ಪಾತ್ರೆಯ ಮೇಲೆ ಯಾರ ಹೆಸರೋ ಪಾತ್ರೆ ಅವರದು. ತಕರಾರು ಬಂದರೆ ಹಿರಿಯರು ಮೊದಲು ಹೆಸರು ನೋಡುತ್ತಿದ್ದರು.

ಶಿವಗಂಗವ್ವ ಲಿಂಗಪೂಜೆ ಮುಗಿಸದೆ ನನ್ನನ್ನು ಮುಟ್ಟಿದವಳಲ್ಲ. ಗಂಡ ಮಲ್ಲೇಶಪ್ಪನಿಗೆ ನನ್ನಲ್ಲಿ ಬಡಿಸಿ, ಆಮೇಲೆ ತಾನೂ ನನ್ನಲ್ಲೇ ಉಣ್ಣುತ್ತಿದ್ದಳು. ಅಂಥ ಶುಚಿಯಾದ ಕೈಯನ್ನು ನಾನು ಮತ್ತೆ ಕಾಣಲಿಲ್ಲ.

ಎರಡು ವರ್ಷಕ್ಕೆ ಮಲ್ಲೇಶಪ್ಪ ಜ್ವರದಲ್ಲಿ ಲಿಂಗೈಕ್ಯನಾದ. ಒಂಬತ್ತನೆಯ ದಿನ ಅವನ ಅಣ್ಣ ವೀರಬಸಪ್ಪ ನನ್ನನ್ನು ಹಿತ್ತಲಿಗೆ ಒಯ್ದು, ಹಣೆಯ ತುಂಬ ವಿಭೂತಿ ಇಟ್ಟುಕೊಂಡೇ ನನ್ನ ಅಂಚಿನ ಹೆಸರಿಗೆ ಅರ ಹಾಕಿ ತಿಕ್ಕಿದ. ಅಂದೇ ಮಧ್ಯಾಹ್ನ ಶಿವಗಂಗವ್ವನನ್ನು ತವರಿಗೆ ಕಳಿಸುವ ಮಾತಾಯಿತು. ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು.

“ಬಾವಾರ, ನನಗ ಮತ್ತೇನೂ ಬ್ಯಾಡ್ರಿ. ನಮ್ಮವ್ವ ಕೊಟ್ಟ ಗಂಗಾಳ ಅಷ್ಟ ಕೊಡ್ರಿ” ಎಂದಳು.

ವೀರಬಸಪ್ಪ ನನ್ನನ್ನು ಎಲ್ಲರ ನಡುವೆ ಇಟ್ಟ. “ನಿನ್ನ ಹೆಸರ ತೋರಸವಾ ತಂಗಿ. ಇದ್ರ ಒಯ್ಯಿ. ನಾ ಯಾಕ ಬ್ಯಾಡ ಅನ್ಲಿ?”

ಅವಳು ಬಗ್ಗಿ ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳು ನುಣುಪಾದ ಜಾಗದಲ್ಲಿ ನಿಂತಿತು. ಹಿರಿಯರು ಕೆಮ್ಮಿದರು. ಅವಳು ಎದ್ದು, ಉಟ್ಟ ಸೀರೆಯಲ್ಲೇ ಹೋದಳು. ಆಗ ನನ್ನ ಬಾಯಿಗೆ ಮಾತು ಬಂದಿದ್ದರೆ!

ಅಂದಿನಿಂದ ವೀರಬಸಪ್ಪ ನಲವತ್ತು ವರ್ಷ ನನ್ನಲ್ಲಿ ಉಂಡ. ‘ಶಿವಾ’ ಎಂದು ಕಣ್ಣು ಮುಚ್ಚಿ ಮೊದಲ ತುತ್ತು ಎತ್ತುತ್ತಿದ್ದ. ಕೊನೆಗೆ ಸಪ್ಪಳ ಮಾಡಿ ಬೆರಳು ನೆಕ್ಕುತ್ತಿದ್ದ. ಅವನ ಎಂಜಲು ತೊಳೆದು ಬೋರಲು ಹಾಕಿದರೂ ಆ ವಾಸನೆ ನನ್ನನ್ನು ಬಿಡುತ್ತಿರಲಿಲ್ಲ.

ಅವನು ಸತ್ತ ಮೇಲೆ ಮನೆಯವರು ನನ್ನನ್ನು ದೇವರ ಜಗಲಿಯ ಮೇಲಿಟ್ಟರು. ಅರ ತಿಕ್ಕಿದ ಜಾಗ ಅವರಿಗೆ ‘ಅಜ್ಜಾರ ಹೆಬ್ಬೆರಳ ಗುರುತು’ ಆಯಿತು. ಶರಣರ ಎಡಗೈ ಊರಿ ಊರಿ ಕಂಚೇ ಸವೆಯಿತಂತೆ! ಮಕ್ಕಳಿಂದ ಹಿಡಿದು ಬೀಗರವರೆಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ವೀರಬಸಪ್ಪನ ಇಪ್ಪತ್ತನೆಯ ವರ್ಷದ ಸ್ಮರಣೆಗೆ ಮನೆತನದ ಪುಸ್ತಕ ಅಚ್ಚು ಹಾಕಿಸಬೇಕೆಂದು ಮಗ ಚನ್ನಮಲ್ಲಪ್ಪ ನಿಶ್ಚಯಿಸಿದ. ಬರೆಯುವ ಕೆಲಸ ಅವನ ಸೊಸೆ ಸುಗಲಾಳಿಗೆ ಬಂತು. ಒಂದು ಸೋಮವಾರ ಅವಳು ನನ್ನ ಪೂಜೆಗೆ ಕೂತು, ಆ ಗುರುತಿಗೆ ಒಣ ವಿಭೂತಿ ಬಳಿದಳು. ಅರ ಎಷ್ಟು ತಿಕ್ಕಿದರೂ ಚುಕ್ಕಿಗಳ ತಳ ಉಳಿದಿತ್ತು. ಬಿಳಿಯ ಬೂದಿ ಅದರಲ್ಲಿ ಇಳಿದು, ‘ಶಿವಗಂಗ’ ಎಂಬಷ್ಟು ಮೂಡಿತು.

“ಮಾಂವಾರ, ಇದು ಅಜ್ಜಾರ ಬೆರಳಲ್ಲರಿ. ಯಾರೋ ಹೆಣ್ಮಗಳ ಹೆಸರೈತಿ. ಯಾರ್ರಿ ಈಕಿ?”

ಚನ್ನಮಲ್ಲಪ್ಪ ಬಗ್ಗಿ ನೋಡಿದ. ಅಂದು ಐದು ವರ್ಷದವನಿದ್ದಾಗ ಅರದ ಸಪ್ಪಳ ಕೇಳಿ ಹಿತ್ತಲಿಗೆ ಓಡಿ ಬಂದು, ಅಪ್ಪ ಮಾಡುತ್ತಿದ್ದುದನ್ನು ಅವನು ಕಂಡಿದ್ದ.

“ನಮ್ಮ ಕಾಕಾನ ಹೇಣ್ತಿ. ಮನ್ಯಾಗ ಇದ್ದದ್ದ ಎರಡ ವರ್ಷ.”

“ಹಂಗಾರ ಪುಸ್ತಕದಾಗ ಬರೀತೀನ್ರಿ.”

“ಎರಡ ವರ್ಷಕ್ಕ ಒಂದ ಪುಟಾ ಬೇಕೇನವಾ? ಅಜ್ಜನ ಮಾರಿಗೆ ಮಸಿ ಬಳ್ಯಾಕ ಪುಸ್ತಕ ಮಾಡ್ಸಾಕತ್ತೇವೇನು?” ಎಂದವನೇ ಧೋತರದ ಚುಂಗಿನಿಂದ ವಿಭೂತಿಯನ್ನು ಒರೆಸಿಬಿಟ್ಟ. ಮರುದಿನ ನನ್ನನ್ನು ಪೇಟೆಗೆ ಒಯ್ದು ಪಾತ್ರೆ ಉಜ್ಜುವ ಯಂತ್ರಕ್ಕೆ ಹಿಡಿಸಿದ. ಉಳಿದಿದ್ದ ಚುಕ್ಕಿಗಳೂ ಹೋದವು.

ಪುಸ್ತಕ ಬಂತು. ಶಿವಗಂಗವ್ವನ ಬಗ್ಗೆ ಸುಗಲಾ ಬರೆದು ಕೊಟ್ಟಿದ್ದ ಸಾಲು ಅದರಲ್ಲಿ ಇರಲಿಲ್ಲ. ‘ಮಲ್ಲೇಶಪ್ಪ: ಅವಿವಾಹಿತ’ ಎಂದು ಇತ್ತು. ಅವಳು ಆ ಪುಟವನ್ನು ನನ್ನ ಮುಂದೆ ಎರಡು ಸಲ ಓದಿದಳು. ಅಂದಿನಿಂದ ಅವಳು ನನಗೆ ಕೈ ಮುಗಿಯುವುದಿಲ್ಲ. ಶಿವಗಂಗವ್ವನ ನಂತರ ಈ ಮನೆಯಲ್ಲಿ ನನಗೆ ಗೌರವ ಕೊಟ್ಟವಳು ಅವಳೊಬ್ಬಳೇ.

ಈಗ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ದಿನಾಲು ಹೂವು, ಊದಿನಕಡ್ಡಿ. ಶಿವನೇ, ಎಂಜಲು ಬೂದಿಗೆ ಹೋಗುತ್ತದೆ, ಕಿಲುಬು ಹುಣಸೆಹಣ್ಣಿಗೆ ಹೋಗುತ್ತದೆ. ಇವರ ಈ ಭಕ್ತಿಯನ್ನು ನಾನು ಯಾವುದರಿಂದ ತೊಳೆದುಕೊಳ್ಳಲಿ?