ಗವಸಣಿಗೆ ಹೊದ್ದ ಪೆಟ್ಟಿಗೆ

ಮೌಶಿಯ ಮನೆಯ ಸರ್ವರ್ ವಿಪರೀತ ಕಾದಿದೆ ಎಂದು ಮಧ್ಯಾಹ್ನ ಕೇದಾರನ ಫೋನಿಗೆ ಎಚ್ಚರಿಕೆ ಬಂತು. ಅವನು ಕೆಲಗೇರಿ ತಲುಪುವಷ್ಟರಲ್ಲಿ ಹಾರ್ಡ್ ಡಿಸ್ಕುಗಳ ಬಿಸಿ ಅರವತ್ತು ಡಿಗ್ರಿ ದಾಟಿತ್ತು.

ಹಾಡಿನ ಕೋಣೆಯ ಮೂಲೆಯಲ್ಲಿ, ತಂಬೂರಿಯ ಮಗ್ಗುಲಿಗೆ ಸರ್ವರಿನ ಆ ಪುಟ್ಟ ಕಪ್ಪು ಪೆಟ್ಟಿಗೆ. ಅದರ ಮೇಲೆ ಮಖಮಲ್ಲಿನ ಗವಸಣಿಗೆ, ಅಳತೆ ನೋಡಿ ಹೊಲಿದದ್ದು, ದಾರ ಬಿಗಿದು ಕಟ್ಟಿದ್ದು. ಈ ಮನೆಯಲ್ಲಿ ವಾದ್ಯವನ್ನು ಬತ್ತಲೆ ಬಿಡುವ ಪದ್ಧತಿಯಿಲ್ಲ.

“ಮೌಶಿ, ಇದನ್ನ ಯಾಕ ಹೊಚ್ಚಿದಿ?”

“ತಂಬೂರಿಗೆ ಹೊಚ್ಚತೀನಿ. ಅದಕ್ಯಾಕ ಬ್ಯಾಡ?” ನಿರುಪಮಾ ಅವನ ತಾಯಿಯ ಅಕ್ಕ. “ಅದರಾಗೂ ನಿಮ್ಮವ್ವ ಹಾಡ್ತಾಳಲ್ಲ.”

“ಅದಕ್ಕ ಉಸಿರಾಡ್ಲಿಕ್ಕೆ ಜಾಗಾ ಬೇಕು.”

“ಆಡ್ಲಿ. ಬೇಸುರ ಆಗಿ ಯಾಕ ಆಡಬೇಕು?”

ಹೊದಿಸಿದ್ದು ಅಕ್ಕರೆಯಿಂದ ಮಾತ್ರವಲ್ಲ, ಪೆಟ್ಟಿಗೆಯೊಳಗಿನ ಫ್ಯಾನಿನ ಬಾಯಿ ಮುಚ್ಚಿಸಲಿಕ್ಕೂ ಎಂದು ಅವನಿಗೆ ಆಗ ತಿಳಿಯಿತು.

ಅವನ ತಾಯಿ ಚಿನ್ಮಯೀ ಮನೆಯ ಬೈಠಕ್‌ಗಳಲ್ಲಿ ಹಾಡಿದ್ದೆಲ್ಲ ಆ ಡಿಸ್ಕುಗಳಲ್ಲಿತ್ತು. ಮೂಲ ಕ್ಯಾಸೆಟ್ಟುಗಳಿಗೆ ಬೂಸರು ಹಿಡಿದಿತ್ತು. ಒಂದು ಡಿಸ್ಕು ಕೆಟ್ಟರೆ ಇನ್ನೊಂದಿರಲಿ ಎಂದು ಕೇದಾರ ಎರಡರಲ್ಲೂ ಅದನ್ನೇ ತುಂಬಿಸಿದ್ದ. ಒಂದೇ ಗೂಡಿನಲ್ಲಿ ಎರಡೂ ಬೇಯುವಾಗ ಯಾವುದಕ್ಕೆ ಯಾವುದು ಆಸರೆ? ಪ್ರತಿ ಬೆಳಿಗ್ಗೆ ನಿರುಪಮಾ ಆ ಹಾಡು ಹಚ್ಚಿ, ಅದೇ ಶ್ರುತಿಗೆ ತಂಬೂರಿ ಕೂಡಿಸಿ, ಸತ್ತ ತಂಗಿಯ ಜೊತೆ ಹಾಡುತ್ತಿದ್ದಳು.

“ಪಡಸಾಲ್ಯಾಗ ಇಡ್ಲೇನು?”

“ರಸ್ತೇದ ಧೂಳೆಲ್ಲಾ ಅಲ್ಲೇ. ಮತ್ತ ಅಕಿ ಪಡಸಾಲ್ಯಾಗ ಎಂದೂ ಹಾಡಿಲ್ಲ.”

ಕೇದಾರ ಪೆಟ್ಟಿಗೆ ಬಿಚ್ಚಿದ. ಡಿಸ್ಕುಗಳು ಜಾತ್ರೆ ಬಸ್ಸಿನ ಜನರಂತೆ ಒತ್ತಿಕೊಂಡಿದ್ದವು; ಮುಟ್ಟಿದರೆ ರೊಟ್ಟಿಯ ಹಂಚು. ಒಳಗಿನ ಸಣ್ಣ ಫ್ಯಾನು ನಿಧಾನ ತಿರುಗಿದರೆ ಗಾಳಿ ಸಾಲದು, ಜೋರಾದರೆ ಕೀರಲು. ಡಿಸ್ಕುಗಳನ್ನು ಬೇರೆ ಬೇರೆ ಸರಿಸಿ, ಸಣ್ಣ ಫ್ಯಾನು ಕಿತ್ತು, ಪಕ್ಕದ ತಗಡು ತೆಗೆದು, ತನ್ನ ಹಳೆಯ ಕಂಪ್ಯೂಟರಿನ ದೊಡ್ಡ ಫ್ಯಾನನ್ನು ಹೊರಗಿನಿಂದ ಆನಿಸಿದ. ಕಟ್ಟಲು ಏನೂ ಸಿಗಲಿಲ್ಲ. ನಿರುಪಮಾ ಗವಸಣಿಗೆಯ ದಾರ ಎಳೆದು ಕೊಟ್ಟಳು.

ಚಹಾ ಆರುವ ಹೊತ್ತಿಗೆ ಡಿಸ್ಕುಗಳೂ ಆರಿದವು. ಫೋನಿನಲ್ಲಿ ಅಂಕಿ ನಲವತ್ತರ ಕೆಳಗೆ ಇಳಿಯಿತು. ದೊಡ್ಡ ಫ್ಯಾನು ಕೀರಲಿಲ್ಲ. ತಗ್ಗಿನಲ್ಲಿ ಒಂದೇ ಸಮ ಗುಂಯ್‌ಗುಡುತ್ತಿತ್ತು. ನಿರುಪಮಾ ತಂಬೂರಿ ಮೀಟಿದಳು. ತಂತಿಗೂ ಫ್ಯಾನಿಗೂ ಅರ್ಧ ಸ್ವರದ ಜಗಳ.

“ನಿಲ್ಲಸ್ಲೇನು, ಮೌಶಿ? ನೀ ಹಾಡೂತನಕ?”

“ನಾ ಹಾಡೂವಾಗನ ಅಲ್ಲೇನು ಅಕೀನೂ ಹಾಡೂದು? ಆವಾಗನ ಹೆಚ್ಚು ಕಾಯ್ತದಲ್ಲ ಆ ಪೆಟ್ಟಿಗಿ.”

ಅವಳ ಕೈ ತಂಬೂರಿಯ ಬಿರಡೆಯ ಮೇಲೆ ಹೋಯಿತು, ಅಲ್ಲೇ ನಿಂತಿತು.

“ಶ್ರುತಿ ಇಳಿಸಿದ್ರ ಅವ್ವನ ಜೋಡಿ ಹಾಡ್ಲಿಕ್ಕೆ ಬರೂದಿಲ್ಲ,” ಎಂದ ಕೇದಾರ.

“ಬರೂದಿಲ್ಲ. ಅಕಿ ಹಾಡೂವಾಗ ನಾ ಎಂದಾದ್ರೂ ಬಾಯಿ ಮುಚ್ಚಿ ಕೇಳೀನೇನು? ಮೊದಲ ಅಕೀದು ಆಗ್ಲಿ. ಆಮ್ಯಾಲ ನಂದು.”

ಅವಳು ಬಿರಡೆ ತಿರುಗಿಸಿದಳು. ಒಂದೊಂದೇ ತಂತಿ ಇಳಿಯುತ್ತ ಫ್ಯಾನಿಗೆ ಕೂಡಿತು. ದಾರವಿಲ್ಲದ ಗವಸಣಿಗೆಯನ್ನು ಮಡಚಿ, ಅದರ ಮೇಲೆ ಕೂತು, ತಂಗಿಯ ಹಾಡು ಹಚ್ಚಲು ಹೇಳಿದಳು.