ತುಕ್ಕು ಬಡಿದವರ ಪಟ್ಟಿ

ಫೋನು ಮಾಡಿದವಳು ಚು ಮಾಲ್ಜಾ.

"ಏ ತಾಕ್, ನಮ್ಮ ಜೊಮ್‌ಸುನ್ ಕಂಪ್ಯೂಟರ್‌ಗೆ ಪ್ರಾಣ ಹೋಗ್ತಾ ಇದೆ ಕಣೋ. ಆನ್ ಮಾಡಿ, ಅಕ್ಕಿ ತೊಳೆದು, ಅನ್ನ ಮಾಡಿ, ಉಂಡು, ಪಾತ್ರೆ ತೊಳೆದಿಟ್ರೂ ಪರದೆ ಬರಲ್ಲ. ಅವಳ ಮಂಡಿಗಿಂತ ನಿಧಾನ ಆಗಿದೆ ಅದು. ಬಂದು ನೋಡು."

ಯೊಂಗ್‌ದೊ ದ್ವೀಪದಲ್ಲಿ ನನ್ನನ್ನು ಹೀಗೆ ಏಕವಚನದಲ್ಲಿ ಕರೆಯುವ ಮುದುಕಿಯರು ಬಹಳ ಜನ. ನಾನು ಇಲ್ಲೇ ಹುಟ್ಟಿದವನು. ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ನಿಧಾನವಾಗಿದೆ ಎಂದು ಕರೆಯುವ ಹತ್ತು ಮನೆಗಳಲ್ಲಿ ಒಂಬತ್ತರ ಕಥೆ ಒಂದೇ: ಫ್ಯಾನಿನ ತುಂಬ ಧೂಳು, ಬೇಡದ ಪ್ರೋಗ್ರಾಮುಗಳ ರಾಶಿ, ಚೆಲ್ಲಾಪಿಲ್ಲಿಯಾದ ಡಿಸ್ಕು. ಗುಡಿಸುವುದು, ಕಿತ್ತು ಹಾಕುವುದು, ಜೋಡಿಸುವುದು. ಮೂರು ತಾಸಿನ ಕೆಲಸ.

ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಗುಡ್ಡದ ಮೆಟ್ಟಿಲು ಹತ್ತಿ ಹೋದೆ. ಅದೇ ದಿನ ಇನ್ನೂ ಎರಡು ಮನೆಗೆ ಹೋಗುವುದಿತ್ತು. ಮಾ ಜೊಮ್‌ಸುನಮ್ಮ ಬಾಗಿಲಲ್ಲೇ ನಿಂತಿದ್ದಳು. ಎಪ್ಪತ್ತಾರು ವರ್ಷ, ಕುಳ್ಳಿ, ಬಲಗೈಯ ಬೆರಳುಗಳು ಸುತ್ತಿಗೆ ಹಿಡಿದ ಹಾಗೆಯೇ ಬಾಗಿ ಉಳಿದಿದ್ದವು. ಅವಳೂ ಮಾಲ್ಜಾಳೂ ಕೆಳಗಿನ ಬೇರೆ ಬೇರೆ ದಕ್ಕೆಗಳಲ್ಲಿ ಹಡಗಿನ ತುಕ್ಕು ಬಡಿದವರು. ಹಡಗಿನ ಮೈಗೆ ಹಗ್ಗದಿಂದ ಹಲಗೆ ಇಳಿಬಿಟ್ಟು, ಒಂದೊಂದು ಹಲಗೆಯ ಮೇಲೆ ಇಬ್ಬಿಬ್ಬರು ಕೂತು, ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣವನ್ನು ಕುಟ್ಟುವ ಕೆಲಸ. ಮೂವತ್ತು ವರ್ಷ ಹಾಗೆ ಕುಟ್ಟಿದ ಹೆಂಗಸರಿಗೆ ಕಿವಿ ಉಳಿಯುವುದಿಲ್ಲ. ಮಾಲ್ಜಾಳ ಎಡಗಿವಿ ಸ್ವಲ್ಪ ಕೇಳುತ್ತಿತ್ತು. ಜೊಮ್‌ಸುನಮ್ಮನಿಗೆ ಎರಡೂ ಹೋಗಿದ್ದವು. ತುಟಿ ನೋಡಿ ಅರ್ಧ, ಊಹೆಯಿಂದ ಅರ್ಧ ಮಾತು ನಡೆಸುತ್ತಿದ್ದಳು.

ಕಂಪ್ಯೂಟರು ಕಿಟಕಿಯ ಕೆಳಗಿತ್ತು. ಮುಚ್ಚಿಹೋದ ಯಾವುದೋ ಗೇಮ್ ಅಂಗಡಿಯಿಂದ ಅವಳ ತಂಗಿಯ ಮಗ ತಂದುಕೊಟ್ಟಿದ್ದ ದಪ್ಪ ಕಪ್ಪು ಡಬ್ಬಿ. ಫ್ಯಾನು ಮೀನುದೋಣಿಯ ಇಂಜಿನಿನ ಹಾಗೆ ಮೊರೆಯುತ್ತಿತ್ತು. ಅವಳಿಗೇನೂ ಕೇಳಿಸದು, ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಕೆಲಸ ಶುರುಮಾಡುವ ಮೊದಲು ಎಲ್ಲರನ್ನೂ ಕೇಳುವ ಮಾತನ್ನು ಅವಳನ್ನೂ ಕೇಳಿದೆ. "ಅಮ್ಮಾ, ಇದರೊಳಗೆ ಬೇಕಾದ್ದು ಏನಾದ್ರೂ ಇದೆಯಾ? ತೆಗೆದಿಡಬೇಕಾ?"

ಅವಳು ನನ್ನ ತುಟಿ ನೋಡಿದಳು. ನಕ್ಕಳು. "ಆಯ್ತಪ್ಪ, ಆಗಲೇ ಆಯ್ತು. ಬೆಳಿಗ್ಗೆ ಗಂಜಿ ಕುಡಿದೆ. ನಿಂದು?"

ನಾನೂ ನಕ್ಕೆ. "ನಂದೂ ಆಯ್ತು" ಎಂದೆ. ಇನ್ನೊಂದು ಸಲ ಕೇಳಲಿಲ್ಲ. ಮುದುಕಿಯರ ಕಂಪ್ಯೂಟರಿನಲ್ಲಿ ಏನಿರುತ್ತದೆ, ಮೊಮ್ಮಕ್ಕಳ ಫೋಟೋ, ಇಸ್ಪೀಟಾಟ ಎಂದುಕೊಂಡೆ. ಅದು ನಾನು ಮಾಡಿದ ಮೊದಲನೆಯ ತಪ್ಪು.

ಡಬ್ಬಿ ಬಿಚ್ಚಿದೆ. ಒಳಗೆ ಧೂಳೂ ಉಪ್ಪುಗಾಳಿಯೂ ಸೇರಿ ಬೂದು ಕಂಬಳಿಯಂತೆ ಮೆತ್ತಿಕೊಂಡಿತ್ತು. ಅಂಗಳಕ್ಕೆ ಒಯ್ದು ಊದಿ ಗುಡಿಸಿ ತಂದು ಮತ್ತೆ ಹಾಕಿದೆ. ಫ್ಯಾನು ತಣ್ಣಗಾಯಿತು. ಆಗ ಅದರ ಗದ್ದಲದ ಅಡಿಯಲ್ಲಿ ಅಷ್ಟು ದಿನ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ಕೇಳಿತು. ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್, ಟಿಕ್.

ಡಿಸ್ಕು ಸಾಯುವಾಗ ಮಾಡುವ ಸದ್ದು ಅದು. ನನ್ನ ಕೆಲಸದವರಿಗೆ ಅದು ಗೊತ್ತಿಲ್ಲದೆ ಇರುವುದಿಲ್ಲ. ಡಿಸ್ಕಿನ ಆರೋಗ್ಯ ನೋಡುವ ಪ್ರೋಗ್ರಾಮು ನನ್ನ ಜೇಬಿನ ಪೆನ್‌ಡ್ರೈವಿನಲ್ಲೇ ಇತ್ತು, ಎರಡು ನಿಮಿಷದ ಕೆಲಸ. ಆದರೆ ಯಾವುದೋ ತಂತಿ ಫ್ಯಾನಿಗೆ ತಾಗುತ್ತಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಆ ಹೊತ್ತಿಗೆ ಅನುಕೂಲವಾಗಿತ್ತು. ಆ ಕೋಣೆಯಲ್ಲಿ ಕಿವಿ ಇದ್ದವನು ನಾನೊಬ್ಬನೇ.

ಬೇಡದ್ದನ್ನೆಲ್ಲ ಅಳಿಸಿ, ಇಡೀ ಡಿಸ್ಕನ್ನು ಮರುಜೋಡಿಸುವ ಕೆಲಸಕ್ಕೆ ಹಚ್ಚಿದೆ. ಚೂರುಚೂರಾಗಿ ಬಿದ್ದಿರುವುದನ್ನೆಲ್ಲ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆಗೆ ಬರೆಯುತ್ತ ಹೋಗುವ ಕೆಲಸ. ಗಟ್ಟಿ ಡಿಸ್ಕಿಗೆ ಅದು ವ್ಯಾಯಾಮ. ಎದೆ ನೋವಿರುವವನನ್ನು ಗುಡ್ಡ ಹತ್ತಿಸಿದರೆ ಏನಾಗುತ್ತದೋ, ಸಾಯುತ್ತಿರುವ ಡಿಸ್ಕಿಗೆ ಅದೇ ಆಗುತ್ತದೆ. "ಮುಟ್ಟಬೇಡಿ, ಬಂದೆ" ಎಂದು ಕೈಸನ್ನೆ ಮಾಡಿ ಎರಡನೆಯ ಮನೆಗೆ ಹೊರಟೆ.

ಎರಡೂವರೆ ತಾಸಿನ ಮೇಲೆ ಬಂದಾಗ ಪರದೆ ಕಲ್ಲಾಗಿತ್ತು. ಟಿಕ್ ಟಿಕ್ ಈಗ ಒಂದೇ ಸಮನೆ ಹೊಡೆಯುತ್ತಿತ್ತು. ಆರಿಸಿ ಮತ್ತೆ ಹಾಕಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಂತು: ಡಿಸ್ಕು ಇಲ್ಲ.

ಜೊಮ್‌ಸುನಮ್ಮ ನನ್ನ ಮುಖ ನೋಡಿದಳು. "ಏನಾಯ್ತು?"

"ಹಳೇದಮ್ಮ. ಅದರ ಆಯಸ್ಸು ಮುಗೀತು. ಹೊಸ ಡಿಸ್ಕು ಹಾಕಿಕೊಡ್ತೀನಿ, ಕುದುರೆ ಥರ ಓಡುತ್ತೆ."

"ಸರಿ. ನಮ್ಮವರು?"

"ಯಾರು?"

"ನಮ್ಮವರು! ಅದರ ಒಳಗಿದಾರಲ್ಲ, ನಮ್ಮವರು."

ಆಗ ತಿಳಿಯಿತು. 'ನಮ್ಮವರು' ಎಂಬುದು ಒಂದು ಕಡತದ ಹೆಸರು. ಅರವತ್ತೈದು ದಾಟಿದ ಮೇಲೆ ವಾರ್ಡಿನ ತರಗತಿಗೆ ಹೋಗಿ ಓದುಬರಹವನ್ನೂ ಕಂಪ್ಯೂಟರನ್ನೂ ಕಲಿತವಳು ಜೊಮ್‌ಸುನಮ್ಮ. ಕಲಿತ ಮೇಲೆ ಹತ್ತು ವರ್ಷ, ಎರಡೇ ಬೆರಳಲ್ಲಿ, ತನ್ನ ಹಾಗೆ ತುಕ್ಕು ಬಡಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಬರೆದಿದ್ದಳು. ಹೆಸರು, ಯಾವ ಊರಿನಿಂದ ಬಂದದ್ದು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಾವ ಹಡಗು, ಮೇಸ್ತ್ರಿ ಯಾರು, ಒಂದೇ ಹಲಗೆಯ ಮೇಲೆ ಪಕ್ಕದಲ್ಲಿ ಕೂತವಳು ಯಾರು, ಯಾವ ಕಿವಿ ಮೊದಲು ಹೋಯಿತು. ಅರವತ್ತೊಂದು ಹೆಂಗಸರು. ಅವರಲ್ಲಿ ಮೂವತ್ತೆಂಟು ಜನ, ತಮ್ಮ ಕಥೆ ಹೇಳಿದ ಮೇಲೆ, ತೀರಿಕೊಂಡಿದ್ದರು.

ದಿನಗೂಲಿಯವರಿಗೆ ಯಾವ ದಕ್ಕೆಯೂ ಚೀಟಿ ಕೊಟ್ಟದ್ದಿಲ್ಲ. ಆ ವರ್ಷ ಕಿವಿ ಹೋದ ಕೆಲಸಗಾರರಿಗೆ ಪರಿಹಾರ ಕೇಳಬಹುದು ಎಂದು ಗೊತ್ತಾಗಿತ್ತು. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಬೇಕು, ಜೊತೆಗಾರರ ಹೇಳಿಕೆಯೂ ಆಗಬಹುದು ಎಂದು ಪರಿಹಾರದ ಕಚೇರಿಯವರು ಹೇಳಿದ್ದರು. ಡಿಸೆಂಬರಿನ ಕೊನೆಗೆ ಅದನ್ನೆಲ್ಲ ಮುದ್ರಿಸಿ ಕೊಡುವುದೆಂದು ಅವಳು ಸಿದ್ಧವಾಗುತ್ತಿದ್ದಳು. ಅದಕ್ಕೇ ನನ್ನನ್ನು ಕರೆಸಿದ್ದು.

"ಬೇರೆ ಎಲ್ಲಾದ್ರೂ ಇಟ್ಟಿದೀರಾ? ಕಾಗದದಲ್ಲಿ?" ಎಂದು ಬರೆದು ತೋರಿಸಿದೆ.

"ಯಾಕೆ ಇಡ್ಲಿ? ಕಂಪ್ಯೂಟರ್‌ನಲ್ಲಿ ಬರೆದ್ರೆ ಹಾಳಾಗಲ್ಲ ಅಂತ ಆ ತರಗತಿ ಮೇಷ್ಟ್ರು ಹೇಳಿದ್ನಲ್ಲ" ಎಂದಳು. ಆಮೇಲೆ ಬೆಳ್ಳುಳ್ಳಿಯ ಬಟ್ಟಲನ್ನು ನೆಲದ ಮೇಲಿಟ್ಟು, ಎರಡೂ ಕೈಯನ್ನು ಡಬ್ಬಿಯ ಮೇಲೆ ಚಾಚಿ ಇಟ್ಟುಕೊಂಡಳು.

ಡಿಸ್ಕನ್ನು ಬಿಚ್ಚಿಕೊಂಡು ಸೊಮ್ಯೊನ್ ಪೇಟೆಯ ಬಾಂಗ್ ಎಂಬವನ ಹತ್ತಿರ ಹೋದೆ. ಕೆಟ್ಟ ಡಿಸ್ಕುಗಳ ಒಳಗಿನದನ್ನು ಹೊರತೆಗೆಯುವುದೇ ಅವನ ವೃತ್ತಿ. ವಾರದ ಮೇಲೆ ಕರೆದ.

"ತಾಕಣ್ಣ, ಇದನ್ನ ಯಾರು ಓಡಿಸಿದ್ದು?"

"ಯಾಕೆ?"

"ಡಿಸ್ಕು ಓದೋ ಮುಳ್ಳು ಬಿದ್ದು ತಟ್ಟೆ ಪೂರ್ತಿ ಕೆರೆದುಹೋಗಿದೆ. ಮೊದಲಿದ್ದಿದ್ದು ಸಣ್ಣ ಗಾಯ. ಹಾಗೇ ತಂದುಕೊಟ್ಟಿದ್ರೆ ನೂರಕ್ಕೆ ತೊಂಬತ್ತೈದು ತೆಗೀತಿದ್ದೆ. ಯಾವನೋ ಬೇಕೂಫ ಇದನ್ನ ಜೋಡಿಸೋಕೆ ಹಚ್ಚಿ ತಾಸುಗಟ್ಟಲೆ ತಿರುಗಿಸಿದಾನೆ. ಇದ್ದಿದ್ದರ ಮೇಲೇ ಬೇರೇದು ಬರೆದುಬಿಟ್ಟಿದೆ. ಯಾವನವನು?"

"ಗೊತ್ತಿಲ್ಲ" ಎಂದೆ.

ಬಾಂಗ್ ಇನ್ನೂ ಮೂರು ವಾರ ಹೆಣಗಿದ. ಅರವತ್ತೊಂದರಲ್ಲಿ ಹತ್ತೊಂಬತ್ತು ಜನರ ಪುಟ ಸಿಕ್ಕಿತು. ಕೆಲವು ನಡುವೆಯೇ ತುಂಡಾಗಿದ್ದವು. ಉಳಿದದ್ದರ ಜಾಗದಲ್ಲಿ ಪುಟಗಟ್ಟಲೆ ಚೌಕ ಚೌಕದ ಗುರುತುಗಳು.

ಸಿಕ್ಕಷ್ಟನ್ನು ಮುದ್ರಿಸಿ ಜನವರಿಯ ಒಂದು ಬೆಳಿಗ್ಗೆ ಜೊಮ್‌ಸುನಮ್ಮನ ಮನೆಗೆ ಒಯ್ದೆ. ಬದುಕಿರುವ ಇಪ್ಪತ್ತಮೂರು ಹೆಂಗಸರಲ್ಲಿ ಹದಿನಾಲ್ಕು ಜನ ಬಂದಿದ್ದರು. ಆ ಪುಟ್ಟ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ನಾನು ಒಂದೊಂದೇ ಹೆಸರು ಕೂಗಿ ಹಾಳೆ ಕೊಡುತ್ತ ಹೋದೆ. ತೀರಿಕೊಂಡವರ ಹೆಸರು ಬಂದಾಗ "ಅಯ್ಯೋ, ಅವಳಾ" ಎಂದು ಯಾರಾದರೊಬ್ಬರು ಹಾಳೆ ಇಸಿದುಕೊಳ್ಳುತ್ತಿದ್ದರು. ಹಾಳೆಗಳು ಮುಗಿದವು. ಕೂತಿದ್ದವರಲ್ಲಿ ಒಂಬತ್ತು ಜನರಿಗೆ ತಮ್ಮ ಹಾಳೆ ಬಂದಿರಲಿಲ್ಲ. ಮಾಲ್ಜಾ ಅವರಲ್ಲೊಬ್ಬಳು.

"ನಂದೆಲ್ಲೋ?" ಎಂದಳು. "ಅಪ್ಪ ಅಮ್ಮ ನನ್ನನ್ನ ಕೊನೇಲಿ ಹೆತ್ತರು ಅಂತ ನೀನೂ ಕೊನೇಲಿ ಕೊಡ್ತೀಯಾ?" ಎಲ್ಲರೂ ನಕ್ಕರು.

"ಸಿಗಲಿಲ್ಲ."

"ಆ?"

"ನಿಮ್ಮ ಪುಟ ಸಿಗಲಿಲ್ಲ!"

ಅವಳ ನಗು ಹಾಗೆಯೇ ಸ್ವಲ್ಪ ಹೊತ್ತು ಮುಖದ ಮೇಲಿತ್ತು. "ಅದು ಹ್ಯಾಗೆ? ನಂದೇ ಎಲ್ಲಕ್ಕಿಂತ ಉದ್ದ ಇತ್ತು. ಮೂರು ಮಧ್ಯಾಹ್ನ ಹೇಳಿದೀನಿ. ಅಲ್ವೇನೇ ಜೊಮ್‌ಸುನ್? ಆ ಹಾಳು ಪೆಟ್ಟಿಗೆ ನಂದನ್ನೇ ಯಾಕೆ ತಿನ್ನಬೇಕು?"

ಜೊಮ್‌ಸುನಮ್ಮ ನನ್ನ ಕಡೆ ತಿರುಗಿದಳು. "ಪೆಟ್ಟಿಗೆಗೆ ವಯಸ್ಸಾಗಿತ್ತು. ಅಲ್ವೇನಪ್ಪ?"

ಹೌದು ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ತಿಂಗಳಿಂದ ಹಾಗೇ ಆಡಿಸಿಕೊಂಡು ಬಂದಿದ್ದೆ. ಮಾಲ್ಜಾ ಇನ್ನೂ ಖಾಲಿ ಕೈಯನ್ನು ಚಾಚಿಯೇ ಕೂತಿದ್ದಳು.

"ನಾನು ಕೆಡಿಸಿದ್ದು" ಎಂದೆ.

ಜೊಮ್‌ಸುನಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು. ತಲೆ ತಗ್ಗಿಸಿ ಆಡಿದ ಮಾತು ಅವಳಿಗೆ ಸಿಗಲಿಲ್ಲ. "ಗಟ್ಟಿಯಾಗಿ ಹೇಳು."

"ನಾನು ಕೆಡಿಸಿದ್ದಮ್ಮ!"

"ಏನಂತಾನೆ?" ಎಂದು ಹಿಂದಿನ ಸಾಲಿನವಳು ಕೇಳಿದಳು. "ಕೇಳ್ತಿಲ್ಲ. ಕೂಗೋ!"

ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಡಿಸ್ಕು ಸಾಯುತ್ತಿದ್ದದ್ದು ನನ್ನ ಕಿವಿಗೆ ಕೇಳಿತ್ತು ಎಂದೆ. ಕೇಳಿಯೂ ನೋಡಲಿಲ್ಲ ಎಂದೆ. ಅವಸರದಲ್ಲಿ ಅದನ್ನು ಓಡಿಸಿ ಬಿಟ್ಟುಹೋದೆ, ಹಾಗೇ ಇಟ್ಟಿದ್ದರೆ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತಿತ್ತು, ಇಷ್ಟು ದಿನ ಸುಳ್ಳು ಹೇಳಿದೆ ಎಂದೆ. ಒಬ್ಬೊಬ್ಬರಿಗೂ ಒಂದೊಂದು ಮಾತು ತಪ್ಪುತ್ತಿತ್ತು. ತಪ್ಪಿದ್ದನ್ನು ಮತ್ತೆ ಕೂಗಬೇಕಾಗುತ್ತಿತ್ತು. ಎದುರು ಮನೆಯ ಕಿಟಕಿ ತೆರೆಯಿತು. ಮೆಟ್ಟಿಲ ಮೇಲೆ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದವಳು ನಿಂತಳು. ನನ್ನ ಮಾತು ಇಡೀ ಓಣಿಗೆ ಕೇಳಿತು.

ಮಾಲ್ಜಾ ಎದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈಗುಳದಲ್ಲಿ ಅವಳನ್ನು ಮೀರಿಸುವವರು ದ್ವೀಪದಲ್ಲಿರಲಿಲ್ಲ. ಅವಳು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಹೋದಳು. ಚಪ್ಪಲಿ ಅದಲುಬದಲಾಗಿತ್ತು. ಯಾರೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಜೊಮ್‌ಸುನಮ್ಮ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟಳು.

"ಕೂಗಿದ್ದನ್ನ ಬರಿ. ಅರವತ್ತೊಂದು ಜನರ ಪಟ್ಟಿ ಇತ್ತು, ನನ್ನ ಕೈಯಾರೆ ಹಾಳಾಯ್ತು ಅಂತ ಬರಿ. ರುಜು ಹಾಕು. ಕಚೇರಿಗೆ ನೀನೇ ಬರಬೇಕು."

"ಬರ್ತೀನಮ್ಮ."

"ಅಮ್ಮ ಗಿಮ್ಮ ಬೇಡ. ಬರಿ."

ಕಚೇರಿಯಲ್ಲಿದ್ದವಳು ಮೂವತ್ತರ ಆಸುಪಾಸಿನ, ಸೌಮ್ಯವಾದ ಹೆಂಗಸು. ನನ್ನ ಹಾಳೆಯನ್ನು ಎರಡು ಸಲ ಓದಿದಳು.

"ಆ ಪಟ್ಟೀನ ನೀವು ಓದಿದ್ರಾ?"

"ಇಲ್ಲ."

"ಅದರಲ್ಲಿ ಈ ಚು ಮಾಲ್ಜಾ ಅನ್ನೋರ ಹೆಸರು ಕಣ್ಣಾರೆ ನೋಡಿದ್ರಾ?"

"ಇಲ್ಲ."

"ಮತ್ತೆ ನಾನೇನು ಬರ್ಕೊಳ್ಲಿ, ಹೇಳಿ." ಅವಳ ದನಿಯಲ್ಲಿ ಗಡಸು ಇರಲಿಲ್ಲ. ನನ್ನ ಹಾಳೆಯನ್ನು ಕಡತಕ್ಕೆ ಸೇರಿಸಿಕೊಂಡಳು. ಇನ್ನೊಬ್ಬ ಜೊತೆಗಾರ್ತಿಯ ಹೇಳಿಕೆ ತನ್ನಿ, ಹಡಗು, ವರ್ಷ, ಮೇಸ್ತ್ರಿಯ ಹೆಸರು ಎಲ್ಲ ಇರಬೇಕು ಎಂದಳು. ಮಾಲ್ಜಾಳ ಪಕ್ಕದಲ್ಲಿ ಹಲಗೆಯ ಮೇಲೆ ಹದಿನೆಂಟು ವರ್ಷ ಕೂತವಳು ಏಳು ವರ್ಷದ ಹಿಂದೆಯೇ ತೀರಿಕೊಂಡಿದ್ದಳು. ಅವಳ ಪುಟವೂ ಸಿಕ್ಕಿರಲಿಲ್ಲ. ಆ ದಕ್ಕೆಯವರಲ್ಲಿ ಬದುಕಿದ್ದವಳು ಮಾಲ್ಜಾ ಒಬ್ಬಳೇ. ಜೊಮ್‌ಸುನಮ್ಮ ದುಡಿದದ್ದು ಬೇರೆ ದಕ್ಕೆಯಲ್ಲಿ, ಅವಳ ಮಾತು ನಡೆಯುವಂತಿರಲಿಲ್ಲ.

ಪುಟ ಸಿಕ್ಕವರಲ್ಲಿ ಬದುಕಿದ್ದ ಆರು ಜನರ ಅರ್ಜಿ ಬೇಸಿಗೆಗೆ ಮಂಜೂರಾಯಿತು. ಮಾಲ್ಜಾಳದು ಸಾಕ್ಷಿ ಸಾಲದೆಂದು ಹಿಂದಕ್ಕೆ ಬಂತು.

ಜೊಮ್‌ಸುನಮ್ಮ ಬಿಡಲಿಲ್ಲ. ಒಂದು ದಪ್ಪ ನೋಟ್‌ಬುಕ್ ತೆಗೆದುಕೊಂಡು ಮಾಲ್ಜಾಳನ್ನು ಕೂರಿಸಿ ಮೊದಲಿನಿಂದ ಕೇಳತೊಡಗಿದಳು. ಆ ಸುದ್ದಿ ಗೊತ್ತಾಗಿ ನಾನು ಒಂದು ಮಧ್ಯಾಹ್ನ ಹೋದೆ. ಒಳಗೆ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ. ಹೊಸ್ತಿಲ ಮೇಲೆ ಕೂತೆ.

"ಮೊದಲನೇ ಹಡಗು ಯಾವುದೇ?" ಜೊಮ್‌ಸುನಮ್ಮ ಅವಳ ಎಡಗಿವಿಯ ಹತ್ತಿರ ಕೂಗಿದಳು.

"ಅದೇ... ಕೆಂಪು ಹೊಟ್ಟೇದು. ಟ್ಯೂನಾ ಹಡಗು."

"ಹೆಸರು ಹೇಳೇ."

"ಹೆಸರು ಹೇಳಿದ್ನಲ್ಲ ನಿಂಗೆ ಆವತ್ತು."

"ಆವತ್ತು ಹೇಳಿದ್ದು ಹೋಯ್ತು ಕಣೇ. ಈಗ ಹೇಳು."

ಹಿಂದಿನ ಚಳಿಗಾಲದಿಂದಲೇ ಮಾಲ್ಜಾಳಿಗೆ ನೆನಪು ಸೋರತೊಡಗಿತ್ತು. ಮಗಳ ಹೆಸರನ್ನು ಅಕ್ಕನಿಗೆ, ಅಕ್ಕನದನ್ನು ಮಗಳಿಗೆ ಇಟ್ಟು ಕರೆಯುತ್ತಿದ್ದಳು. ಒಂದು ಹೆಸರು ಹೇಳಿದಳು. ಜೊಮ್‌ಸುನಮ್ಮ ಬರೆದಳು. ಮಾಲ್ಜಾ ಅಲ್ಲವೆಂದು ಇನ್ನೊಂದು ಹೇಳಿದಳು. ಜೊಮ್‌ಸುನಮ್ಮ ಮೊದಲನೆಯದನ್ನು ಹೊಡೆದು ಅದನ್ನು ಬರೆದಳು. ಅದೂ ಅಲ್ಲ ಎಂದಳು ಮಾಲ್ಜಾ. ನೋಟ್‌ಬುಕ್ಕಿನ ಮೊದಲ ಪುಟ ಹೀಗೆ ಹೊಡೆದು ಹಾಕಿದ ಹಡಗುಗಳಿಂದಲೇ ತುಂಬಿತು.

ಅಕ್ಟೋಬರಿನಲ್ಲಿ ಮಾಲ್ಜಾ ಹೋಗಿಬಿಟ್ಟಳು. ಎರಡನೆಯ ಅರ್ಜಿಯನ್ನು ಕೊಟ್ಟೇ ಇರಲಿಲ್ಲ. ಅಂತ್ಯಕ್ರಿಯೆಯ ಮನೆಗೆ ಹೋಗಿ ಅವಳ ಫೋಟೋದ ಮುಂದೆ ಪದ್ಧತಿಯಂತೆ ಎರಡು ಸಲ ಅಡ್ಡಬಿದ್ದೆ. ಪಕ್ಕದಲ್ಲಿ ಮಗಳು ನಿಂತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ಅಮ್ಮನ ಜೊತೆ ಕೆಲಸ ಮಾಡಿದವರಾ?" ಎಂದು ಕೇಳಿದಳು.

ಇಲ್ಲ ಎಂದೆ. ಯಾರೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಸಾಲಿನವರು ಮುಂದಕ್ಕೆ ಬಂದರು, ಅವಳು ಅವರ ಕಡೆ ತಿರುಗಿ ತಲೆಬಾಗಿದಳು. ನಾನು ಶೂ ಹಾಕಿಕೊಂಡು ಹೊರಬಂದೆ.