ಹಸಿರು ಹಲಗೆಯ ತೂತು

ಜೂರೊ ಮೇಷ್ಟ್ರು ಬೆಟಿನ ಎಂಬ ದ್ವೀಪದೂರಿಗೆ ಅಳಿಯನಾಗಿ ಬಂದು ಮೂವತ್ತೊಂದು ವರ್ಷವಾಗಿತ್ತು. ಅಷ್ಟರಲ್ಲಿ ದ್ವೀಪದ ಅರ್ಧದಷ್ಟು ಮಂದಿಗೆ ಭೌತಶಾಸ್ತ್ರ ಕಲಿಸಿದ್ದರು, ಉಳಿದರ್ಧಕ್ಕೆ ಕಲಿಸಲು ಹೋಗಿ ಸೋತಿದ್ದರು. ಆದರೂ ಊರಿನ ಲೆಕ್ಕದಲ್ಲಿ ಅವರು ಗೋಧಿ ಬೆಳೆಯುವ ಬಯಲಿನಿಂದ ಬಂದ ಹೊರಗಿನವರೇ. ಇದರಲ್ಲಿ ಅವರದೇನೂ ತಕರಾರಿರಲಿಲ್ಲ. ತಮ್ಮ ವಂಶದವರು ಕಂಡ ಅತಿ ದೊಡ್ಡ ಜಲರಾಶಿ ಬಾತುಕೋಳಿಗಳ ಹೊಂಡ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಮಾವ ಲೊವ್ರೆಗೆ ಎಂಬತ್ತಮೂರು. ಊರೆಲ್ಲ ಗೌರವದಿಂದ ಬಾರ್ಬಾ ಎಂದು ಕರೆಯುತ್ತಿದ್ದ ಆ ಮುದುಕನ ಬಳಿ ಒಂದೇ ಹಾಯಿಯ ಹಳೆಯ ಮರದ ದೋಣಿಯಿತ್ತು. ಅದಕ್ಕೆ ತೀರಿಹೋದ ಹೆಂಡತಿ ಪೆರಿನಾಳ ಹೆಸರನ್ನೇ ಇಟ್ಟಿದ್ದ. ದೋಣಿಯೂ ಆಕೆಯಷ್ಟೇ ಗಟ್ಟಿ, ಆಕೆಯಷ್ಟೇ ಬಾಯಾರಿಕೆಯದ್ದು. ಹಲಗೆಗಳ ಸಂದಿಯಲ್ಲಿ ಸದಾ ಒಂದಿಷ್ಟು ನೀರು ಒಸರುತ್ತಲೇ ಇರುತ್ತಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಊರಿನ ಹಾಯಿದೋಣಿಗಳ ಸ್ಪರ್ಧೆ ನಡೆದಾಗ ಚುಕ್ಕಾಣಿ ಮುದುಕನ ಕೈಯಲ್ಲಿ, ಹಾಯಿಯ ಹಗ್ಗ ಮಗಳು ನೆವೆಂಕಾಳ ಕೈಯಲ್ಲಿ. ಅಳಿಯನಿಗೆ ಸಿಗುತ್ತಿದ್ದದ್ದು ಶೆಶುಲ, ಅಂದರೆ ನೀರು ಮೊಗೆದು ಹೊರಗೆ ಚೆಲ್ಲುವ ಮರದ ಮೊಗೆ. ಮೂವತ್ತೊಂದು ಸ್ಪರ್ಧೆಗಳಲ್ಲಿ ಮೇಷ್ಟ್ರು ಸಮುದ್ರಕ್ಕಿಂತ ದೋಣಿಯ ತಳವನ್ನೇ ಹೆಚ್ಚು ನೋಡಿದ್ದರು.

ಆ ವರ್ಷ ಚಳಿಗಾಲ ಮುಗಿಯುವಷ್ಟರಲ್ಲಿ ಮುದುಕನ ಎರಡೂ ಮೊಣಕಾಲು ಕೈಕೊಟ್ಟವು. ಈಸ್ಟರ್ ಊಟದಲ್ಲಿ ಹಂದಿಮಾಂಸದ ತುಂಡಿನ ಮೇಲೆ ಅರೆದ ಖಾರದ ಮುಲ್ಲಂಗಿ ಸವರುತ್ತ ಅವನು ತೀರ್ಪು ಕೊಟ್ಟ.

"ಈ ಸಲ ಚುಕ್ಕಾಣಿ ನೀವು ಹಿಡೀರಿ ಮೇಷ್ಟ್ರೇ. ಕೊನೆಯವರಾಗದೆ ವಾಪಸ್ ತಂದ್ರೆ ಪೆರಿನ ನಿಮ್ದು. ಇಲ್ಲಾಂದ್ರೆ ಬೆಪೊ ಬಂದು ಹಗ್ಗ ಬಿಚ್ಕೊಂಡು ಹೋಗ್ತಾನೆ."

ಬೆಪೊ ಪಕ್ಕದ ತಿಸ್ನೊ ಊರಿನವನು, ಮುದುಕನ ಅಣ್ಣನ ಮಗ, ಹುಟ್ಟಿದ್ದೇ ಚುಕ್ಕಾಣಿ ಹಿಡಿದುಕೊಂಡು ಎಂಬಂಥವನು. ನೆವೆಂಕಾಳನ್ನು ಕೇಳಿದರೆ, ಅಪ್ಪನ ದೋಣಿ ತಿಕ್ಕಿ ತೊಳೆದು ಇಷ್ಟು ವರ್ಷ ಸಾಕಾಗಿದೆ, ಅದು ತನ್ನ ತಲೆಗೆ ಬರುವುದು ಬೇಡ ಎಂದಳು. ಮೇಷ್ಟ್ರಿಗೆ ಮಾತ್ರ ಬೇಕಿತ್ತು, ಚಿಕ್ಕ ಮಕ್ಕಳಿಗೆ ಬೇಕಾಗುವಷ್ಟು ಬೇಕಿತ್ತು. ಬೆಟಿನದಲ್ಲಿ ದೋಣಿಯಿಲ್ಲದ ಗಂಡಸನ್ನು ಬೇಸಿಗೆಗೆ ಬಂದ ಅತಿಥಿಯಂತೆ ಮಾತನಾಡಿಸುತ್ತಾರೆ. ಮೂವತ್ತೊಂದು ವರ್ಷ ಅತಿಥಿಯಾಗಿದ್ದು ಅವರಿಗೆ ಸುಸ್ತಾಗಿತ್ತು.

ಆದರೆ ಮೇಷ್ಟ್ರು ಚುಕ್ಕಾಣಿ ಹಿಡಿದರೆ ನೀರು ಮೊಗೆಯುವವರು ಯಾರು? ಮೊಣಕಾಲಿಲ್ಲದ ಮುದುಕನಿಗೆ ತಳಕ್ಕೆ ಬಗ್ಗಲಾಗದು. ಆಗ ಮೇಷ್ಟ್ರ ತಲೆಯಲ್ಲಿ ವಿಜ್ಞಾನ ಎದ್ದು ನಿಂತಿತು. ಪೇಟೆಗೆ ಹೋಗಿ ಒಂದು ವಿದ್ಯುತ್ ಪಂಪು ತಂದರು. ಅದಕ್ಕೊಂದು ತೇಲುವ ಸ್ವಿಚ್ಚು. ನೀರೇರಿದರೆ ಸ್ವಿಚ್ಚು ಮೇಲೇಳುತ್ತದೆ, ಪಂಪು ಗುಂಯ್ ಎನ್ನುತ್ತದೆ. ನೀರಿಳಿದರೆ ತಾನೇ ಸುಮ್ಮನಾಗುತ್ತದೆ. ಇದನ್ನು ಮಾವನಿಗೆ ವಿವರಿಸಲು ಅವರು ಊಟದ ಮೇಜಿನ ಮೇಲೆ ಚಿತ್ರವನ್ನೂ ಬರೆದರು. ಮುದುಕ ಚಿತ್ರದ ಮೇಲೆ ಲೋಟ ಇಟ್ಟ.

ಜೋಡಿಸಲು ಎರಡು ವಾರ ಹಿಡಿಯಿತು. ತಳದ ಅತಿ ತಗ್ಗಿನ ಜಾಗ ಹುಡುಕಿ ಪಂಪು ಕೂರಿಸಿದರು. ತಂತಿಗಳನ್ನು ನೀರು ತಾಗದಷ್ಟು ಎತ್ತರದಲ್ಲಿ ಎಳೆದರು, ಬ್ಯಾಟರಿಯ ಪಕ್ಕ ಫ್ಯೂಸು ಹಾಕಿದರು. ಉಳಿದದ್ದು ಒಂದೇ ತೂತು, ನೀರು ಹೊರಗೆ ಬೀಳಲು. ಅದು ಇರಬೇಕಾದದ್ದು ಅಂಚಿನ ಕೆಳಗಿನ ಹಸಿರು ಹಲಗೆಯಲ್ಲಿ. ಆ ಹಲಗೆಗೆ ಪ್ರತಿ ವಸಂತದಲ್ಲೂ ಮುದುಕ ತಾನೇ ಬಣ್ಣ ಬಳಿಯುತ್ತಿದ್ದ, ಬೇರೆಯವರು ಕುಂಚ ಮುಟ್ಟಿದರೆ ಬೈಯುತ್ತಿದ್ದ.

"ಹಸಿರಿಗೆ ಮಾತ್ರ ಬೈರಿಗೆ ತಾಗಿಸ್ಬೇಡಿ," ಎಂದಿದ್ದ. "ಅಲ್ಲಿಂದ ನೀರು ಚಿಮ್ಮಿದ್ರೆ ಪೆರಿನಾಗೆ ಮೂತ್ರದ ಕಾಯಿಲೆ ಅಂತ ದಡದ ಮೇಲೆ ಕೂತವರೆಲ್ಲ ಆಡ್ಕೋತಾರೆ."

ಹೀಗಾಗಿ ಮೇಷ್ಟ್ರು ಅದರ ಕೆಳಗಿನ ಬಿಳಿ ಹಲಗೆಯಲ್ಲಿ, ನೀರಿಗಿಂತ ನಾಲ್ಕು ಬೆರಳು ಮೇಲೆ, ಎಡಮಗ್ಗುಲಿಗೆ ಕೊರೆದರು. ನಾಲ್ಕು ಬೆರಳು ಸಾಕೆಂದು ಶಾಲೆಯ ಪುಸ್ತಕದಲ್ಲಿ ಲೆಕ್ಕ ಹಾಕಿಯೇ ಕೊರೆದರು. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಲೆಕ್ಕದೊಳಗಿನ ದೋಣಿ ನೆಟ್ಟಗೆ ನಿಂತಿತ್ತು, ಅಷ್ಟೆ. ಪಂಪಿನ ಜೊತೆ ಬಂದ ಪುಸ್ತಿಕೆಯಲ್ಲಿ, ಹಾಯಿದೋಣಿ ವಾಲುವುದರಿಂದ ತೂತು ಎತ್ತರದಲ್ಲಿರಲಿ, ಇಲ್ಲವಾದರೆ ಪೈಪನ್ನು ಕಮಾನಿನಂತೆ ಮೇಲಕ್ಕೆ ಒಯ್ದು ಇಳಿಸಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮೇಷ್ಟ್ರು ಆ ಪುಟವನ್ನು ಓದಿದ್ದರು. ಕೆಂಪು ಪೆನ್ನಿನಿಂದ ಅದರಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ ಮುಚ್ಚಿಟ್ಟಿದ್ದರು.

ಬೇಸಿಗೆಯಿಡೀ ಅವರು ಪಂಪನ್ನು ಮಗುವಿನಂತೆ ನೋಡಿಕೊಂಡರು. ಸಂಜೆ ಹೋಗಿ ಜಾಲರಿಗೆ ಸಿಕ್ಕಿದ ಮೀನಿನ ಹುರುಪೆ, ಆಲಿವ್ ಎಲೆ, ನೆವೆಂಕಾಳ ತಲೆಗೂದಲು ತೆಗೆಯುವರು. ತೇಲುವ ಸ್ವಿಚ್ಚನ್ನು ಒಂದು ಬೆರಳಿನಿಂದ ಎತ್ತಿ ಗುಂಯ್ ಎಂಬ ಸದ್ದು ಕೇಳಿ ತಲೆದೂಗುವರು. ಭಾನುವಾರ ಚರ್ಚು ಬಿಟ್ಟ ಮೇಲೆ ಜನ ನೋಡುತ್ತಿರುವಾಗಲೇ ಒಂದು ಬಕೆಟ್ ನೀರು ಸುರಿದು ಪಂಪಿಗೆ ಪರೀಕ್ಷೆ ಕೊಡುವರು. ಪಂಪು ಪ್ರತಿ ಸಲವೂ ಪಾಸಾಯಿತು. ಬಂದರಿನೊಳಗೆ ಗಾಳಿಯೇ ಇರಲಿಲ್ಲ. ಶೆಶುಲವನ್ನು ಅವರು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಅಲಂಕಾರಕ್ಕೆ ತೂಗುಹಾಕಿದರು.

ಸ್ಪರ್ಧೆಯ ದಿನ ವಾಯವ್ಯದ ಗಾಳಿ ಚೆನ್ನಾಗಿಯೇ ಎದ್ದಿತ್ತು. ಮುದುಕನನ್ನು ಇಬ್ಬರು ಹಿಡಿದೆತ್ತಿ ಮುಂದಿನ ಹಲಗೆಯ ಮೇಲೆ ಕೂರಿಸಿದರು. ಕಾಲ ಬಳಿ ವೈನ್ ತುಂಬಿದ ಸೋರೆಬುರುಡೆ, ಯಾರೂ ಕೋಟು ಹಾಕಿಕೊಳ್ಳದ ಆ ಸೆಖೆಯಲ್ಲೂ ತೊಡೆಯ ಮೇಲೊಂದು ದಪ್ಪ ಕೋಟು. ಮೇಷ್ಟ್ರು ಚುಕ್ಕಾಣಿ ಹಿಡಿದು ಮೊದಲ ಬಾರಿಗೆ ತಲೆಯೆತ್ತಿ ಸಮುದ್ರ ನೋಡಿದರು. ಅಷ್ಟು ಚೆಂದವಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಇಪ್ಪತ್ತೆರಡು ದೋಣಿಗಳಲ್ಲಿ ಅವರದು ಏಳನೆಯದಾಗಿ ಮೊದಲ ತಿರುವು ದಾಟಿತು. ಗಾಳಿ ತುಂಬಿ ಪೆರಿನ ಎಡಕ್ಕೆ ವಾಲಿತು, ಬಿಳಿ ಹಲಗೆ ನೀರಿನಲ್ಲಿ ಮುಳುಗಿತು. ಪಂಪು ಗುಂಯ್ ಎಂದಿತು.

"ಕೇಳಿಸ್ತಾ ಮಾವ? ತಾನೇ ಶುರುವಾಯ್ತು," ಎಂದರು ಮೇಷ್ಟ್ರು.

ಪಂಪು ನಿಂತಿತು, ಕ್ಷಣ ಬಿಟ್ಟು ಮತ್ತೆ ಶುರುವಾಯಿತು. ಮತ್ತೆ ನಿಂತಿತು, ಮತ್ತೆ ಶುರುವಾಯಿತು. ಎಷ್ಟು ಚುರುಕಾದ ಯಂತ್ರ ಎಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಸ್ವಲ್ಪ ಹೊತ್ತಿಗೆ ಅದು ನಿಲ್ಲುವುದನ್ನೇ ಬಿಟ್ಟಿತು. ನೆವೆಂಕಾ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. ಚಪ್ಪಲಿ ತೇಲಿಕೊಂಡು ಗಂಡನ ಬಳಿ ಬಂದಿತು.

ಆಗ ಮೇಷ್ಟ್ರಿಗೆ ಹೊಳೆಯಿತು. ಪಂಪು ಹೊರಹಾಕಿದ ನೀರು ಪೈಪಿನಲ್ಲಿ ತುಂಬಿಕೊಂಡು, ಪಂಪು ನಿಂತ ಕ್ಷಣವೇ ಹೊರಗಿನ ಸಮುದ್ರವನ್ನು ಅದೇ ದಾರಿಯಲ್ಲಿ ಒಳಕ್ಕೆ ಎಳೆಯುತ್ತಿತ್ತು. ಈಗಂತೂ ಬ್ಯಾಟರಿ ಸೋತು, ಪಂಪು ಸದ್ದು ಮಾಡುತ್ತಿತ್ತೇ ಹೊರತು ತಳ್ಳುತ್ತಿರಲಿಲ್ಲ. ನೀರು ಹೀಗೆ ಪೈಪಿನಲ್ಲಿ ವಾಪಸ್ ಹರಿಯುವುದಕ್ಕೆ ಸೈಫನ್ ಎನ್ನುತ್ತಾರೆ. ಇದನ್ನು ಅವರು ಎರಡು ಗಾಜಿನ ಲೋಟ, ಒಂದು ರಬ್ಬರ್ ನಳಿಗೆ ಇಟ್ಟುಕೊಂಡು ಏಳನೆಯ ತರಗತಿಗೆ ಮೂವತ್ತು ಸಲ ತೋರಿಸಿದ್ದರು. ತಪ್ಪು ಉತ್ತರ ಬರೆದವರಿಗೆ ಸೊನ್ನೆ ಕೊಟ್ಟಿದ್ದರು. ಆ ಸೊನ್ನೆಗಳೆಲ್ಲ ಒಟ್ಟಾಗಿ ಬಂದು ಈಗ ಬಿಳಿ ಹಲಗೆಯಲ್ಲಿ ತೂತಾಗಿ ಕೂತಿದ್ದವು.

ದೋಣಿಯನ್ನು ಇನ್ನೊಂದು ಮಗ್ಗುಲಿಗೆ ವಾಲುವಂತೆ ತಿರುಗಿಸಿದ್ದರೆ ತೂತು ಮೇಲೇಳುತ್ತಿತ್ತು, ಆದರೆ ಎಡಕ್ಕೂ ಬಲಕ್ಕೂ ಬೇರೆ ದೋಣಿಗಳು ಒತ್ತಿಕೊಂಡು ಬರುತ್ತಿದ್ದವು. ಪೈಪು ಕಿತ್ತು ತೂತನ್ನು ಒಳಗಿನಿಂದ ಬಿಗಿಯಬೇಕು. ಅದು ಯಾವ ಹಲಗೆಯ ಅಡಿಯಲ್ಲಿ, ಯಾವ ತಿರುಪಿನ ಹಿಂದೆ ಇದೆಯೆಂದು ಗೊತ್ತಿದ್ದವರು ಮೇಷ್ಟ್ರೊಬ್ಬರೇ. ಅದಕ್ಕೆ ಚುಕ್ಕಾಣಿ ಬಿಡಬೇಕಿತ್ತು. ಒಂದೇ ಒಂದು ಉಸಿರಿನಷ್ಟು ಹೊತ್ತು ಅವರು ಅದನ್ನು ಬಿಗಿಯಾಗಿ ಹಿಡಿದೇ ಇದ್ದರು, ಇದನ್ನು ಅವರು ಆಮೇಲೆ ಯಾರ ಮುಂದೆಯೂ ಮುಚ್ಚಿಡಲಿಲ್ಲ.

"ಮಾವ, ನೀವೇ ಹಿಡ್ಕೊಳ್ಳಿ. ತಪ್ಪು ನಂದು," ಎಂದರು.

ಮುದುಕ ಎದ್ದು ಬರಲಾರದೆ ಕುಂಡೆಯ ಮೇಲೆ ಜಾರುತ್ತಾ ಹಲಗೆಯಿಂದ ಹಲಗೆಗೆ ಹಿಂದಕ್ಕೆ ಬಂದು ಚುಕ್ಕಾಣಿ ಹಿಡಿದ. ಮೇಷ್ಟ್ರು ನೀರಿನಲ್ಲಿ ಮಂಡಿಯೂರಿ ಪೈಪು ಕಿತ್ತರು. ಸಮುದ್ರ ನೇರವಾಗಿ ಮುಖಕ್ಕೆ ರಾಚಿತು. ನೆವೆಂಕಾ ಬುರುಡೆಯ ಬಿರಡೆ ಕಿತ್ತು ಕೊಟ್ಟಳು, ಅದನ್ನು ಅವರು ಮುಷ್ಟಿಯಿಂದ ಗುದ್ದಿ ತೂತಿಗೆ ಜಡಿದರು. ನೀರು ನಿಂತಿತು. ಆದರೆ ಒಳಗಿದ್ದದ್ದು ಮೊಗೆಯಲು ಕೈಯಲ್ಲಿ ಏನೂ ಇರಲಿಲ್ಲ, ಶೆಶುಲ ಅಡುಗೆಮನೆಯ ಗೋಡೆಯ ಮೇಲಿತ್ತು.

ಮುದುಕ ಮುಂದಿನ ಹಲಗೆಯ ಕಡೆ ಗದ್ದ ತೋರಿಸಿದ. "ನನ್ನ ಕೋಟಿನೊಳಗೆ ನೋಡು. ಬೆಳಿಗ್ಗೆ ಮೊಳೆಯಿಂದ ಇಳಿಸ್ಕೊಂಡು ಬಂದಿದೀನಿ."

ಮೇಷ್ಟ್ರು ಅದನ್ನು ತೆಗೆದುಕೊಂಡು ತಮ್ಮ ಹಳೆಯ ಜಾಗದಲ್ಲಿ ಕೂತು ಮೊಗೆಯತೊಡಗಿದರು. ಕೈಗಳಿಗೆ ಅಭ್ಯಾಸವಿತ್ತು. ಇಪ್ಪತ್ತೊಂದು ದೋಣಿಗಳು ದಡ ಸೇರಿ, ಹುರಿದ ಬೂತಾಯಿ ಮೀನು ತಿಂದು ಮುಗಿಯುವ ಹೊತ್ತಿಗೆ ಪೆರಿನ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಎಂಥ ಚಪ್ಪಾಳೆ ಎಂಬುದು ಮೇಷ್ಟ್ರಿಗೆ ತಿಳಿಯದ್ದೇನಲ್ಲ. ಕಟ್ಟೆಯ ಮೇಲೆ ಬೆಪೊ ಕಾಲಗಲಿಸಿ ನಿಂತು, ಇನ್ನೇನು ತನ್ನದಾಗುವ ದೋಣಿಯನ್ನು ಅಳೆಯುವಂತೆ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಮೇಷ್ಟ್ರು ಪಂಪು ಬಿಚ್ಚಲೆಂದು ಕಟ್ಟೆಗೆ ಹೋದಾಗ ಮುದುಕ ಆಗಲೇ ಎರಡು ಕೋಲೂರಿಕೊಂಡು ದೋಣಿಯ ಮುಂದೆ ನಿಂತಿದ್ದ. ಬೆಪೊಗೆ ಯಾವಾಗ ಬರಲು ಹೇಳಿದ್ದೀರಿ ಎಂದು ಮೇಷ್ಟ್ರು ಕೇಳಿದರು.

"ಸೀಮೆಸುಣ್ಣ ಇದ್ಯಾ?" ಎಂದ ಮುದುಕ.

ಮೇಷ್ಟ್ರ ಜೇಬಿನಲ್ಲಿ ಅದು ಇಲ್ಲದ ದಿನವಿರಲಿಲ್ಲ. ಮುದುಕ ಅದನ್ನು ತೆಗೆದುಕೊಂಡು, ಕಷ್ಟಪಟ್ಟು ಬಗ್ಗಿ, ಹಸಿರು ಹಲಗೆಯ ಮೇಲೆ ಅಂಚಿಗೆ ಹತ್ತಿರದಲ್ಲಿ ಒಂದು ಸೊನ್ನೆ ಬರೆದ.

"ಇಲ್ಲಿ ಕೊರಿ. ನೀರು ಇಷ್ಟೆತ್ತರ ಬಂದ್ರೆ ಪಂಪಲ್ಲ, ಪಾದ್ರೀನ ಕರೀಬೇಕು."

"ಆದ್ರೆ ನಾನು ಕೊನೆಯವನಾಗಿ ಬಂದೆ ಮಾವ."

"ಬೆಪೊ ಆಗಿದ್ರೆ ಚುಕ್ಕಾಣಿ ಬಿಡ್ತಿರ್ಲಿಲ್ಲ. ಊರು ನೋಡ್ತಿದೆ ಅಂತ ಹಿಡ್ಕೊಂಡೇ ನನ್ನನ್ನೂ ಮಗಳನ್ನೂ ಮುಳುಗಿಸ್ತಿದ್ದ." ಮುದುಕ ಸೀಮೆಸುಣ್ಣವನ್ನು ಅಳಿಯನ ಜೇಬಿಗೇ ವಾಪಸ್ ಹಾಕಿದ. "ನಿನ್ನ ದೋಣಿ. ತೂತನ್ನಾದ್ರೂ ನೆಟ್ಟಗೆ ಕೊರಿ."

ಮೇಷ್ಟ್ರಿಗೆ ಅಳು ಬಂತು, ಅತ್ತೂಬಿಟ್ಟರು. ಕಣ್ಣು ಮಂಜಾಗಿದ್ದಾಗಲೇ ಬೈರಿಗೆ ಹಿಡಿದದ್ದರಿಂದ ತೂತು ಸೊನ್ನೆಯ ನಡುವೆ ಬೀಳದೆ ಎರಡು ಬೆರಳು ಬಲಕ್ಕೆ ಸೊಟ್ಟಗೆ ಬಿತ್ತು. ಮುದುಕ ಕೂತು ಅದರ ಸುತ್ತ ಹಸಿರು ಬಣ್ಣ ಬಳಿದುಕೊಟ್ಟ. ಈಗಲೂ ಪಂಪು ಶುರುವಾದಾಗ ಅಲ್ಲಿಂದ ನೀರು ಕಮಾನಿನಂತೆ ಚಿಮ್ಮುತ್ತದೆ, ಪೆರಿನಾಗೆ ಮೂತ್ರದ ಕಾಯಿಲೆ ಎಂದು ದಡದವರು ಕೂಗುತ್ತಾರೆ. ಚುಕ್ಕಾಣಿ ಹಿಡಿದ ಜೂರೊ ಮೇಷ್ಟ್ರು ಟೋಪಿ ತೆಗೆದು ಅವರಿಗೆ ನಮಸ್ಕರಿಸುತ್ತಾರೆ. ಶೆಶುಲ ಅವರ ಕಾಲ ಬಳಿಯೇ ಇರುತ್ತದೆ.